ಸ್ಲ್ಯಾಬಿನ ಕೆಳಗಿನ ರೊಟ್ಟಿ

ನಮ್ಮ ಅಡುಗೆಮನೆ ನೋಡಿದವರು ಈಗೀಗ ಅದಕ್ಕೆ 'ಪರಿಸರಸ್ನೇಹಿ' ಎಂದು ಹೆಸರು ಕೊಡುತ್ತಾರೆ. ಹಗಲು ಲೈಟು ಬೇಡ, ಫ್ಯಾನು ಬೇಡ, ಒಳಗೆ ತಂಪು. ನಾನು ಬೇಡ ಅನ್ನುವುದಿಲ್ಲ. ಹೊಗಳಿಕೆ ಯಾವ ಹೆಸರಿನಲ್ಲಿ ಬಂದರೂ ತೆಗೆದುಕೊಳ್ಳುವ ಮನುಷ್ಯ ನಾನು. ಆದರೆ ಖರೇ ಹೇಳಬೇಕೆಂದರೆ, ಆ ಅಡುಗೆಮನೆ ಹಾಗಾದದ್ದು ಪರಿಸರದ ಮೇಲಿನ ಸ್ನೇಹಕ್ಕಲ್ಲ, ಹೆಂಡತಿಯ ಮೇಲಿನ ಹೆದರಿಕೆಗೆ.

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟಿನ ಸ್ಲ್ಯಾಬ್ ಹಾಕುವುದು ನನ್ನ ಉದ್ಯೋಗವಾಗಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಸೆಂಟ್ರಿಂಗ್ ಹಲಗೆ ಹೊರಲು ಹೋದವನು, ತೊಂಬತ್ತರ ದಶಕ ಮುಗಿಯುತ್ತ ಬರುವ ಹೊತ್ತಿಗೆ ನನ್ನದೇ ಹಲಗೆ, ನನ್ನದೇ ಬಂಬು, ಕೂಗಿದರೆ ಓಡಿ ಬರುವ ಆಳುಗಳು ಎನ್ನುವ ಮಟ್ಟಕ್ಕೆ ಬಂದಿದ್ದೆ. ಯಾರಾದರೂ ಕಾಂಟ್ರ್ಯಾಕ್ಟರ್ ಅನ್ನದೆ ಮೇಸ್ತ್ರಿ ಎಂದು ಕರೆದರೆ ನನಗೆ ಮೊದಲ ಸಲ ಕೇಳಿಸುತ್ತಲೇ ಇರಲಿಲ್ಲ.

ಮಾಳಿಗೆ ಮನೆಯವರನ್ನು ಒಪ್ಪಿಸಲು ನನ್ನ ಬಳಿ ಒಂದು ಮಾತಿತ್ತು. ಯಜಮಾನನ ಹೆಗಲ ಮೇಲೆ ಕೈಯಿಟ್ಟು, ಮೇಲೆ ನೋಡಿ, "ಮಣ್ಣು ಸತ್ತ ಮ್ಯಾಲ ಹೊತ್ಕೊಳ್ಳೋದು ಇದ್ದ ಐತ್ರಿ. ಈಗಿಂದನ ಯಾಕ ತಲಿ ಮ್ಯಾಲ ಇಟ್ಕೊಂಡ ಕುಂತೀರಿ?" ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಕ್ಕವರಲ್ಲಿ ಬಹಳ ಮಂದಿ ಒಪ್ಪುತ್ತಿದ್ದರು. ನಗದೆ, ಒಪ್ಪದೆ ಉಳಿದವನೆಂದರೆ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ದುರ್ಗದಬೈಲಿನ ಅರಿವೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸ ಅವನದು. "ನಮ್ಮ ಮಾಳಗಿ ನಮಗ ತಂಪೈತಿ. ನಿಮ್ಮ ಸಿಮೆಂಟು ನಿಮಗಿರ್ಲಿ," ಎಂದಿದ್ದ. ಹಿಂದಿನ ಕಾಲದ ಮಂದಿ ಎಂದು ಬಿಟ್ಟುಬಿಟ್ಟೆ.

ಗೋಪನಕೊಪ್ಪದಲ್ಲಿ ನನ್ನ ಸ್ವಂತ ಮನೆ ಎದ್ದಾಗ ಸಿಮೆಂಟಿನ ಮಟ್ಟಿಗೆ ನಾನು ಕೈ ಬಿಗಿ ಹಿಡಿಯಲಿಲ್ಲ. ಗೋಡೆ ಸಿಮೆಂಟ್ ಬ್ಲಾಕಿನದು, ಕಪಾಟು ಸಿಮೆಂಟಿನದು, ಬಾಗಿಲ ಮುಂದೆ ಕೂಡುವ ಕಟ್ಟೆ, ತುಳಸಿಕಟ್ಟೆ, ಎಮ್ಮೆ ಇಲ್ಲದ ಮನೆಗೆ ಒಂದು ನೀರಿನ ದೋಣಿ, ಎಲ್ಲವೂ ಸಿಮೆಂಟು. ಸ್ಲ್ಯಾಬನ್ನಂತೂ ಊರವರ ಮನೆಗೆ ಹಾಕುವುದಕ್ಕಿಂತ ದಪ್ಪ ಮಾಡಿದೆ. ಅದಕ್ಕೆ ನೀರು ಕಟ್ಟಿ ನಿಲ್ಲಿಸಿದಾಗ ಕೆಳಗೆ ಹನಿ ತೇವ ಕಾಣಲಿಲ್ಲ. ಆಳುಗಳನ್ನೆಲ್ಲ ಒಳಗೆ ಕರೆದು, ಕತ್ತು ಮೇಲೆ ಮಾಡಿಸಿ, ತೋರಿಸಿದೆ. ಅವರು ಚಹಾ ಸಿಗುವವರೆಗೆ ನೋಡಿದರು.

ಅಡುಗೆಮನೆಯನ್ನು ಪಡುವಣಕ್ಕೆ, ರಸ್ತೆಯ ಕಡೆ ಇಟ್ಟು ದೊಡ್ಡ ಕಿಟಕಿ ಬಿಟ್ಟೆ. ಅದಕ್ಕೊಂದು ಕಾರಣವಿತ್ತು. ನನ್ನ ಹೆಂಡತಿ ಜೋಳದ ರೊಟ್ಟಿ ಬಡಿದು ದುರ್ಗದಬೈಲಿನ ಸುತ್ತಲ ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವಳ ರೊಟ್ಟಿ ಕೈವಸ್ತ್ರದ ಹಾಗೆ ಮಡಚುತ್ತದೆ, ಅಂಚು ಎಲ್ಲಿಯೂ ಸೀಳುವುದಿಲ್ಲ ಎಂದು ಉಂಡವರೇ ಹೇಳುತ್ತಿದ್ದರು. ಹಾದಿಯಲ್ಲಿ ಹೋಗುವವರು ಅವಳ ರೊಟ್ಟಿಯನ್ನೂ ನನ್ನ ಅಡುಗೆಮನೆಯನ್ನೂ ಒಂದೇ ಸಲಕ್ಕೆ ನೋಡಲಿ ಎಂಬುದು ನನ್ನ ಆಸೆ.

ವಾಸ್ತುಶಾಂತಿ ಆದದ್ದು ಚಳಿಗಾಲದಲ್ಲಿ. ಒಲೆ ಹಚ್ಚಿದ ಮೊದಲ ದಿನ ಅವಳು, "ಬೆಚ್ಚಗ ಐತಿ," ಎಂದಳು. ನಾನು ಅದನ್ನು ಪ್ರಶಸ್ತಿ ಎಂದು ತೆಗೆದುಕೊಂಡೆ.

ಹೋಳಿ ಹುಣ್ಣಿಮೆ ಕಳೆಯುತ್ತಲೇ ಬಿಸಿಲು ತನ್ನ ಬಣ್ಣ ತೋರಿಸಿತು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯಿಡೀ ಆ ಬಿಸಿಯನ್ನು ಒಳಗೆ ಇಳಿಸುತ್ತಿತ್ತು. ಬೆಳಗ್ಗೆ ಅವಳು ಕೆಳಗೆ ಒಲೆ ಹಚ್ಚುತ್ತಿದ್ದಳು. ಮೇಲೊಂದು ಹಂಚು, ಕೆಳಗೊಂದು ಹಂಚು, ನಡುವೆ ನನ್ನ ಹೆಂಡತಿ. ಹೊಗೆಗೆಂದು ಗೋಡೆಯಲ್ಲಿ ಪೈಪು ಇಟ್ಟಿದ್ದೆ. ಪಡುವಣ ಗಾಳಿ ಆ ಹೊಗೆಯನ್ನು ಹೊರಗಿನಿಂದ ಹಿಡಿದು ಮತ್ತೆ ಒಳಗೆ ತಂದು ಬಿಡುತ್ತಿತ್ತು. ಕುದಿವ ನೀರು ಹಾಕಿ ನಾದಿದ ಹಿಟ್ಟು ಕೈಯಲ್ಲಿ ಬಡಿಯುವುದರೊಳಗೇ ಒಣಗಿ, ರೊಟ್ಟಿಯ ಅಂಚು ಸೀಳತೊಡಗಿತು.

ರೊಟ್ಟಿ ಒಯ್ಯಲು ಬಂದ ಖಾನಾವಳಿಯವನು ಒಂದು ದಿನ ಬುಟ್ಟಿಯೊಳಗೆ ಇಣುಕಿ, "ಯಾಕಕ್ಕಾರ, ಈಗೀಗ ರೊಟ್ಟಿ ಹಲ್ಲು ಕಿರ್ಯಾಕತ್ತಾವು?" ಎಂದ. ಅವನು ನಗುತ್ತಲೇ ಹೇಳಿದ. ಅವಳು ನಗಲಿಲ್ಲ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ನಾಳಿಂದ ನಾ ಅಕ್ಕನ ಮನ್ಯಾಗ ರೊಟ್ಟಿ ಬಡೀತೇನಿ."

"ಅಲ್ಲೇನೈತಿ?"

"ಮಾಳಗಿ ಐತಿ."

"ಮಂದಿ ಏನಂತಾರ? ಊರಿಗೆಲ್ಲಾ ಮನಿ ಕಟ್ಟತಾನ, ಅವನ ಮನ್ಯಾಗ ಹೆಂಡ್ತಿ ಒಲಿ ಮುಂದ ಕೂಡಂಗಿಲ್ಲ ಅಂತಾರ."

"ನಿಮ್ಮ ಹೆಸರು ಚತ್ತಿನ ಮ್ಯಾಲ ಐತಿ, ನೀವು ನೋಡ್ಕೊಳ್ರಿ. ನನ್ನ ಹೆಸರು ರೊಟ್ಟಿ ಮ್ಯಾಲ ಐತಿ. ಈ ಬ್ಯಾಸಗಿ ಹೆಂಗರ ತಗೀತೇನಿ. ಮುಂದಿನ ಬ್ಯಾಸಗೀನೂ ಹಿಂಗ ಆತಂದ್ರ ನನ್ನ ಒಲಿ ಅಲ್ಲೇ ಖಾಯಂ. ಭಾವಾರು ಹಿಂದಿನ ಖೋಲಿ ಬಿಟ್ಟಕೊಡ್ತೇನಿ ಅಂದಾರ."

ಮರುದಿನ ಹಿಟ್ಟು ನಾದುವ ಪರಾತ, ಹಂಚು, ಹಿಟ್ಟಿನ ಡಬ್ಬಿ ಹೊತ್ತು ಸಿಟಿ ಬಸ್ಸು ಹತ್ತಿದಳು. ಮಧ್ಯಾಹ್ನ ಮನೆಗೆ ಬರುತ್ತಿದ್ದಳು, ಮನೆಯ ಉಳಿದ ಕೆಲಸ ನೋಡುತ್ತಿದ್ದಳು, ನನ್ನ ಜೊತೆ ಎಂದಿನಂತೆ ಮಾತಾಡುತ್ತಿದ್ದಳು. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಸಿಟ್ಟೇ ಇಲ್ಲ. ನನ್ನ ಮನೆ ಅವಳ ಕೆಲಸಕ್ಕೆ ಬರುವುದಿಲ್ಲ ಎಂದು ತೀರ್ಮಾನಿಸಿದ್ದಳು, ಅಷ್ಟೇ.

ಷಡ್ಡಕ ಚಹಾದಂಗಡಿಯಲ್ಲಿ ಸಿಕ್ಕ. ಎಲ್ಲರಿಗೂ ಕೇಳುವಂತೆ, "ಏನ್ರಿ ಕಾಂಟ್ರ್ಯಾಕ್ಟರ್ ಸಾಹೇಬ್ರ, ನಮ್ಮ ಮಾಳಗಿ ಕೆಡವಾಕ ಯಾವಾಗ ಬರ್ತೀರಿ? ಮುಂಜಾನೆ ಬರಬ್ಯಾಡ್ರಿ ಮತ್ತ, ನಿಮ್ಮ ಮನಿಯವ್ರು ಕೆಲಸದಾಗ ಇರ್ತಾರ," ಎಂದ. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಅರ್ಧ ಎಂದರೆ ಕೊನೆಯ ಅರ್ಧ ಗುಟುಕು. ಸಿಟ್ಟಿಗೂ ಒಂದು ಮಿತಿ ಇರಬೇಕು.

ಅಂದಿನಿಂದ ಉಪಾಯ ಹುಡುಕಲು ನಿಂತೆ. ನನ್ನ ಪ್ರತಿ ಉಪಾಯಕ್ಕೂ ಅವಳು ಒಂದು ಬೆಳಿಗ್ಗೆ ಕೊಡುತ್ತಿದ್ದಳು. ನಮ್ಮ ಒಲೆಯ ಮುಂದೆ ಕೂತು ನಾಲ್ಕು ರೊಟ್ಟಿ ಬಡಿದು, ಅಂಚು ನೋಡಿ, ತೀರ್ಪು ಹೇಳಿ ಬಸ್ಸಿಗೆ ಹೋಗುತ್ತಿದ್ದಳು.

ಮೊದಲನೆಯದು ಫ್ಯಾನು. ಸ್ಲ್ಯಾಬ್ ಹಾಕುವಾಗಲೇ ಅದಕ್ಕೆ ಕೊಂಡಿ ಬಿಟ್ಟಿದ್ದೆ, ಮುಂದಾಲೋಚನೆಯ ಮನುಷ್ಯ ನೋಡಿ. ಗುಂಡಿ ಒತ್ತಿದ್ದೇ ತಡ, ಪರಾತದ ಹಿಟ್ಟು ಮತ್ತು ಒಲೆಯ ಬೂದಿ ಎರಡೂ ಕೂಡಿ ಎದ್ದವು. ಗಾಳಿ ನಿಂತಾಗ ನಾವಿಬ್ಬರೂ ಮೈತುಂಬ ವಿಭೂತಿ ಬಳಿದುಕೊಂಡ ಸ್ವಾಮಿಗಳಂತೆ ಎದುರುಬದುರು ಕೂತಿದ್ದೆವು. ಅವಳು ಕಣ್ಣು ಒರೆಸಿಕೊಂಡು, "ಶರಣ್ರಿ," ಎಂದಳು. ಪರಾತ ಎತ್ತಿಕೊಂಡು ನಡೆದಳು.

ಆಮೇಲೆ ಕೂಲರ್ ತಂದೆ. ಅದರ ಹೊಟ್ಟೆ ತುಂಬಿಸಲು ಕೊಡಗಟ್ಟಲೆ ನೀರು ಬೇಕು. ನಮಗೋ ನಳ ಬರುವುದು ವಾರಕ್ಕೊಮ್ಮೆ, ಕೆಲವು ಸಲ ಅದೂ ಇಲ್ಲ. "ಇದು ಎಮ್ಮಿ ಕಟ್ಟಿದಂಗಾತು. ಎಮ್ಮಿ ಆದ್ರ ಹಾಲರೆ ಕೊಡ್ತಿತ್ತು," ಎಂದಳು. ಮೀಟರಿನ ಚಕ್ರ ರಂಗಪಂಚಮಿಯ ಹುಡುಗರ ಹಾಗೆ ಕುಣಿಯಿತು. ಹಸಿ ಗಾಳಿಗೆ ಹಿಟ್ಟು ಅಂಟಂಟಾಗಿ ರೊಟ್ಟಿ ಅವಳ ಅಂಗೈ ಬಿಟ್ಟು ಏಳಲೊಲ್ಲದು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಕರೆಂಟು ಹೋದದ್ದಕ್ಕೆ ಜೀವನದಲ್ಲಿ ಮೊದಲ ಸಲ ಸಂತೋಷಪಟ್ಟೆ. ಸೋಲನ್ನು ಯಾರ ಮೇಲಾದರೂ ಹಾಕಬಹುದಿತ್ತು.

ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ ನೀರು ಹೊಡೆದು ನೋಡಿದೆ. ಅವಳು ಅಂಗಳದಲ್ಲಿ ನಿಂತು ಕೂಗಿದಳು: "ಕುಡ್ಯಾಕ ನೀರು ಹಿಡದಿಟ್ಟೇನಿ, ನೀವು ಚತ್ತಿಗೆ ಜಳಕಾ ಮಾಡಸಾಕತ್ತೀರಿ! ಇಳೀರಿ ತಳಗ!" ಇಳಿದೆ.

ಅಷ್ಟು ಹೊತ್ತಿಗೆ ಆ ಸಲದ ಬೇಸಿಗೆ ಮುಗಿಯುತ್ತ ಬಂದಿತ್ತು. ನನ್ನ ಮನಸ್ಸಿನ ಮೂಲೆಯಲ್ಲಿ ಉತ್ತರ ಗೊತ್ತಿತ್ತು: ಸ್ಲ್ಯಾಬಿನ ಮೇಲೆ ಮಣ್ಣು ಹಾಕಬೇಕು. ಆದರೆ ಮಣ್ಣು ಕೆಡವಿ ಹೆಸರು ಮಾಡಿದವನು ತನ್ನ ಮನೆಯ ಮೇಲೆಯೇ ಮಣ್ಣು ಹಾಕಿದರೆ ಊರು ಏನಂದೀತು? ಅದಕ್ಕೆ ಗುಟ್ಟಾಗಿ ಮಾಡಲು ಹೊರಟೆ. ಗುಟ್ಟಾಗಿ ಮಾಡಿದ್ದೇ ದೊಡ್ಡ ತಪ್ಪಾಯಿತು.

ನಮ್ಮ ಕಡೆ ಮಾಳಿಗೆಗೆ ಹಾಕುವುದು ಹಾಳುಮಣ್ಣು. ಬಿಳಿಚಿಕೊಂಡ, ಉಪ್ಪು ಹಿಡಿದ ಮಣ್ಣು ಅದು. ಅದರಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಬಡಿದು ಗಟ್ಟಿ ಮಾಡಿದರೆ ನೀರೂ ಇಳಿಯುವುದಿಲ್ಲ. ಇದು ನನಗೆ ತಿಳಿದಿರಬೇಕಿತ್ತು. ಬಂಡಿಗಟ್ಟಲೆ ಹಾಳುಮಣ್ಣು ಕೆಡವಿ ತಗ್ಗಿಗೆ ಸುರಿಸಿದವನು ನಾನು. ಆದರೆ ಸುರಿಯುವವನು ಮಣ್ಣಿನ ಮುಖ ಎಲ್ಲಿ ನೋಡುತ್ತಾನೆ? ಕೇಳೋಣವೆಂದರೆ ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಿಸುವವನು ಷಡ್ಡಕ. ಅವನನ್ನು ಕೇಳುವುದಕ್ಕಿಂತ ಮತ್ತೊಂದು ಬೇಸಿಗೆ ಬೇಯುವುದು ಮೇಲು ಅನ್ನಿಸಿತು. ನಮ್ಮ ಮನೆಯ ಹಿಂದಿನ ಜಾಗದಲ್ಲಿ ಯಾರೋ ಬುನಾದಿ ತೋಡಿ ಕರಿ ಎರೆಮಣ್ಣು ಗುಡ್ಡೆ ಹಾಕಿದ್ದರು. ಪುಕ್ಕಟೆ ಮಣ್ಣು, ಕೈಗೆ ಹತ್ತಿರ. ಮಣ್ಣೆಂದ ಮೇಲೆ ಎಲ್ಲ ಮಣ್ಣೂ ಒಂದೇ ಎಂದುಕೊಂಡು, ಓಣಿ ಏಳುವ ಮೊದಲು ಬುಟ್ಟಿ ಬುಟ್ಟಿ ಹೊತ್ತು ಮೇಲೆ ಹರವಿದೆ. ಆಳುಗಳನ್ನು ಕರೆಯಲಿಲ್ಲ. ಅವರಿಗೆ ಬಾಯಿಗಳಿದ್ದವು.

ಪಕ್ಕದ ಮನೆಯ ಅಜ್ಜಿ ಮಾತ್ರ ನನಗಿಂತ ಮೊದಲೇ ಎದ್ದಿರುತ್ತಿದ್ದಳು. "ಏನೋ ತಮ್ಮಾ, ಮ್ಯಾಲ ಏನು ಹೊರಾಕತ್ತಿ?"

"ವಾಟರ್‌ಪ್ರೂಫ್ ಮಾಡಾಕತ್ತೇನಿ ಅಜ್ಜಿ."

"ಓ. ನಮ್ಮ ಕಾಲಕ್ಕ ಅದಕ್ಕ ಮಣ್ಣು ಅಂತಿದ್ವಿ."

ಮೃಗಶಿರಾ ಮಳೆ ಬಿತ್ತು. ಎರೆಮಣ್ಣು ನೀರು ಕುಡಿದು ಉಬ್ಬಿತು. ಗೋಪನಕೊಪ್ಪದ ಆ ಜಾಗವೆಲ್ಲ ಮೊದಲು ಹೊಲ, ಅದು ಆ ಮಣ್ಣಿಗೆ ಇನ್ನೂ ನೆನಪಿತ್ತು. ಕೆಲವೇ ದಿನಗಳಲ್ಲಿ ನನ್ನ ಸ್ಲ್ಯಾಬಿನ ಮೇಲೆ ಹೆಸರಿನ ಗಿಡ, ಹುಲ್ಲು, ಎಲ್ಲಿಂದಲೋ ಎರಡು ಹತ್ತಿ ಗಿಡ ತಲೆ ಎತ್ತಿದವು. ಕೊಳವೆಯಿಂದ ಧಾರೆಯಾಗಿ ಇಳಿದ ಕರಿ ರಾಡಿ ಅಜ್ಜಿಯ ಒಗೆದ ಸೀರೆಗಳ ಮೇಲೆ ಬಿತ್ತು. ಅಜ್ಜಿ ವಾಟರ್‌ಪ್ರೂಫಿಗೂ ನನಗೂ ಕೂಡಿಸಿ ಬೈದಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮಣ್ಣು ಕುಡಿದ ನೀರು ಇಳಿಯಲು ಹಾದಿ ಕಾಣದೆ, ಫ್ಯಾನಿನ ಕೊಂಡಿಯ ಬುಡ ಹಿಡಿದು ಅಡುಗೆಮನೆಯೊಳಗೆ ತೊಟ್ಟಿಕ್ಕಿತು. ನನ್ನ ಸ್ಲ್ಯಾಬು ಸೋರಿತು! ಹೆಂಡತಿ ಕೆಳಗೆ ಪಾತ್ರೆ ಇಟ್ಟಳು. ಮಳೆಗಾಲದಲ್ಲಿ ಮನೆಯಲ್ಲೇ ಒಲೆ ಹಚ್ಚುವ ವಿಚಾರವಿತ್ತು ಅವಳಿಗೆ. ಈಗ ಅದೂ ಹೋಯಿತು. ಹನಿ ಬೀಳುವ ಕಡೆ ಹಿಟ್ಟು ಇಡುವುದು ಹೇಗೆ? ಮತ್ತೆ ಬಸ್ಸು.

ನಾಗರ ಪಂಚಮಿಯ ಉಂಡಿ ಕೊಡುವ ನೆಪ ಮಾಡಿ ಷಡ್ಡಕ ಬಂದ. ಡಬ್ಬಿ ನನ್ನ ಕೈಗೆ ಕೊಟ್ಟು ಸೀದಾ ಮೆಟ್ಟಿಲು ಹತ್ತಿದ. ನಾನು ಹಿಂದೆ ಓಡಿದೆ. ಸೊಂಟದ ಮೇಲೆ ಕೈಯಿಟ್ಟು, ಹೊಲದ ಧಣಿಯ ಹಾಗೆ ಆ ಕಡೆಯಿಂದ ಈ ಕಡೆ ನೋಡಿದ.

"ಪೀಕು ಛಲೋ ಬಂದೈತಿ. ರಾಶಿ ಯಾವಾಗ? ಹೇಳ್ರಿ, ಚಕ್ಕಡಿ ಹೂಡ್ಕೊಂಡು ಬರ್ತೇನಿ."

ಬೈಯಬೇಕೆಂದರೆ ನನ್ನ ಬಾಯಿ ತುಂಬ ಅವನು ತಂದ ಉಂಡಿ. ಅವನೇ ಮುಂದುವರಿಸಿದ: "ನಗಸಾಕತ್ತೇನಿ, ಸಿಟ್ಟಾಗಬ್ಯಾಡ್ರಿ. ನನಗೂ ಹಿಂದಿನ ಖೋಲಿ ಬೇಕಾಗೈತಿ. ಮುಂದ ಹೋಳಿ ಹೊತ್ತಿಗೆ ಮಗಳ ಬಾಣಂತನ ಬರ್ತೈತಿ. ನಿಮ್ಮ ಮನಿಯವ್ರಿಗೆ ಕೊಡ್ತೇನಿ ಅಂದ ಮ್ಯಾಲ ಈಗ ಇಲ್ಲ ಅನ್ನಾಕ ನಾಲಿಗಿ ಏಳವಲ್ದು. ನೀವಾರ ಬಂದು ನೋಡ್ರಿ, ಅವ್ರು ಎಲ್ಲಿ ಕೂತು ಬಡೀತಾರ, ಅಲ್ಲೇನೈತಿ, ಇಲ್ಲೇನಿಲ್ಲ. ಒಂದ್ ತಾಸು ಬಾಯಿ ಮುಚ್ಚಿಕೊಂಡು ಕುಂಡ್ರಿ, ಸಾಕು."

ಬಾಯಿ ಮುಚ್ಚಿಕೊಂಡು ಕೂಡುವುದು ನನಗೆ ಸ್ಲ್ಯಾಬ್ ಹೊರುವುದಕ್ಕಿಂತ ಭಾರ. ಆದರೂ ಹೋದೆ.

ಹೆಂಡತಿ ಅಕ್ಕನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗೋಡೆಗೆ ಬೆನ್ನು ಕೊಟ್ಟು ಕೂತೆ. ಗೋಡೆ ತಣ್ಣಗಿತ್ತು. ಒಲೆಯ ಮೇಲುಗಡೆ ಮಾಳಿಗೆಯಲ್ಲಿ ಬೆಳಕಿಂಡಿ, ಆಕಾಶ ಕಾಣುವ ಒಂದು ತೂತು. ಒಲೆಯ ಹೊಗೆ, ಹಿಟ್ಟಿನ ಹಬೆ, ಹಂಚಿನ ಝಳ ಎಲ್ಲ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಎಂದೂ ಕಾಣದ ಶಿಸ್ತಿನಿಂದ ಸಾಲು ಹಿಡಿದು ಆ ಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ಅವು ಹೋದಷ್ಟೂ ಹಿತ್ತಲ ಬಾಗಿಲಿನಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ನನ್ನ ಮನೆಯಲ್ಲಿ ಝಳಕ್ಕೆ ಹೊರಗೆ ಹೋಗುವ ಹಾದಿಯೇ ಇರಲಿಲ್ಲ. ಏಳಲೊಲ್ಲದ ಬೀಗರ ಹಾಗೆ ಸ್ಲ್ಯಾಬಿನ ಕೆಳಗೆ ಕೂತುಬಿಡುತ್ತಿತ್ತು.

ಮಾಳಿಗೆ ಕೆಡವುವಾಗ ನಾನು ಮೊದಲು ಹಾರೆ ಹಾಕುತ್ತಿದ್ದದ್ದೇ ಬೆಳಕಿಂಡಿಗೆ. ಅಲ್ಲಿ ಮಣ್ಣು ತೆಳುವು, ಬೇಗ ಕುಸಿಯುತ್ತದೆ. ಅಷ್ಟು ಕಿಂಡಿ ಒಡೆದರೂ ಅದರ ಕೆಳಗೆ ಕೂತು ಮೇಲೆ ನೋಡಿದ್ದು ಅದೇ ಮೊದಲು.

"ಯಾಕ್ರಿ, ಮಾತ ಇಲ್ಲ? ಆರಾಮ ಇಲ್ಲೇನು?" ಎಂದು ಹೆಂಡತಿ ಗಾಬರಿಯಿಂದ ಕೇಳಿದಳು.

ದೀಪಾವಳಿ ಕಳೆದು ಮಳೆ ಪೂರಾ ನಿಂತ ಮೇಲೆ ಕೆಲಸಕ್ಕೆ ಇಳಿದೆ. ಎರೆಮಣ್ಣು ಇಳಿಸಿದ್ದನ್ನು ವರ್ಣಿಸುವುದಿಲ್ಲ. ಹತ್ತಿಸುವಾಗ ಅದು ಮಣ್ಣಾಗಿತ್ತು, ಇಳಿಸುವಾಗ ಸಾಲದ ಹಾಗೆ ಕಾಲಿಗೆ ಅಂಟುತ್ತಿತ್ತು ಎಂದರೆ ಸಾಕು. ಆಮೇಲೆ ಅಡುಗೆಮನೆಯ ನಡುವಿಗೆ ಸ್ಲ್ಯಾಬಿನಲ್ಲಿ ಕಿಂಡಿ ಒಡೆಯಲು ಚಾಣ, ಸುತ್ತಿಗೆ ಹಿಡಿದು ಮೇಲೆ ಕೂತೆ. ಆಳು ಯಾರಿಗೂ ಕೊಡಲಿಲ್ಲ. ನನ್ನ ಸ್ಲ್ಯಾಬಿಗೆ ಬೇರೆಯವರು ಪೆಟ್ಟು ಹಾಕುವುದನ್ನು ನೋಡಲು ಆಗುತ್ತಿರಲಿಲ್ಲ.

ಅದು ಒಡೆಯಲೊಲ್ಲದು. ಮಾಲು ಅಂಥದು, ದಪ್ಪ ಅಂಥದು, ಕಬ್ಬಿಣ ಬೇಕಾದ್ದಕ್ಕಿಂತ ಹತ್ತಿರ ಹತ್ತಿರ ಕಟ್ಟಿದ್ದೆ. ಚಾಣದ ತುದಿ ಮೊಂಡಾಯಿತು, ನನ್ನ ಅಂಗೈ ಬೊಬ್ಬೆ ಎದ್ದಿತು, ಸ್ಲ್ಯಾಬಿಗೆ ಗೀರು ಬಿತ್ತು. ಯಾವ ಬೋಳಿಮಗ ಹಾಕ್ಯಾನೋ ಇದನ್ನ ಎಂದು ಬಾಯಿಗೆ ಬಂದದ್ದು ಅಲ್ಲೇ ನುಂಗಿದೆ.

ಪಕ್ಕದ ಅಜ್ಜಿ ಕೆಳಗಿಂದ, "ಏನೋ, ನಿಧಿ ಐತೇನು ಅದರಾಗ?" ಎಂದಳು. ಅಡುಗೆಮನೆಯೊಳಗಿಂದ ಹೆಂಡತಿ, "ಬಿತ್ತೇನ್ರಿ?" ಎಂದು ಕೂಗಿದಳು.

"ಇನ್ನೂ ಇಲ್ಲ!"

ಸ್ವಲ್ಪ ಹೊತ್ತಿಗೆ ಮತ್ತೆ, "ಈಗ?"

"ಇಲ್ಲ ಅಂದ್ನೆಲ್ಲಾ!"

ನಾನು ಮತ್ತೆ ನಾಲ್ಕು ಪೆಟ್ಟು ಹಾಕಿದೆ. ಆಮೇಲೆ ಹೇಳಿದಳು: "ಭಾಳ ಛಲೋ ಹಾಕೀರಿ ಬಿಡ್ರಿ ಸ್ಲ್ಯಾಬ."

ಆ ಮನೆಯ ಬಗ್ಗೆ ಅವಳ ಬಾಯಿಂದ ನಾನು ಕಾಯುತ್ತಿದ್ದ ಮಾತು ಅದು. ಬಂದಾಗ ನಾನು ಅದನ್ನೇ ಒಡೆಯುತ್ತ ಕೂತಿದ್ದೆ.

ಕಿಂಡಿ ಬಿದ್ದ ಮೇಲೆ ಅದರ ಸುತ್ತ ಕಟ್ಟೆ ಕಟ್ಟಿ, ಗಾಳಿ ಆಡುವಷ್ಟು ಸಂದು ಬಿಟ್ಟು, ಮೇಲೆ ತಗಡಿನ ಟೊಪ್ಪಿಗೆ ಇಟ್ಟೆ. ಒಲೆಯನ್ನು ಪಡುವಣ ಗೋಡೆಯಿಂದ ಕಿತ್ತು ಕಿಂಡಿಯ ನೇರಕ್ಕೆ ತಂದೆ. ಉಳಿದದ್ದು ಹಾಳುಮಣ್ಣು. ಆಗ ಹಳೇ ಹುಬ್ಬಳ್ಳಿಯಲ್ಲಿ ಒಂದು ಮಾಳಿಗೆ ಕೆಡವುವ ಕೆಲಸ ನಡೆದಿತ್ತು. ತಗ್ಗಿಗೆ ಹೋಗುವ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ನಮ್ಮ ಮನೆಯ ಹಾದಿ ಹಿಡಿಸಿದೆ. ಯಜಮಾನ ಓಡಿ ಬಂದ.

"ಎಲ್ಲಿಗೆ ಒಯ್ಯಾಕತ್ತೀರಿ ನಮ್ಮ ಮಣ್ಣು?"

"ನಮ್ಮ ಮನಿ ಮ್ಯಾಲ ಹಾಕ್ತೇನ್ರಿ."

"ಸತ್ತ ಮ್ಯಾಲ ಹೊತ್ಕೊಳ್ಳೋದು ಅಂದಿದ್ರಿ? ಆರೋಗ್ಯ ಹೆಂಗೈತಿ?"

ನನ್ನ ಆಳುಗಳು ತಿರುಗಿ ನಿಂತು ನಕ್ಕರು. ನಾನೂ ನಕ್ಕೆ, ಬೇರೆ ಹಾದಿ ಇರಲಿಲ್ಲ. ಈ ಸಲ ಹಾಡಹಗಲಿನಲ್ಲಿ, ಎಲ್ಲರ ಮುಂದೆ ಮಣ್ಣು ಹತ್ತಿಸಿದೆ. ಷಡ್ಡಕ ಅಂಗಡಿಗೆ ರಜೆ ಹಾಕಿ ಬಂದು, ಎಷ್ಟು ದಪ್ಪ ಹಾಕಬೇಕು, ಎತ್ತ ಇಳಿಜಾರು ಬಿಡಬೇಕು ಎಂದು ತೋರಿಸಿದ. ತೋರಿಸಿದ್ದಕ್ಕಿಂತ ಹೆಚ್ಚು ಬೈದ. ಮಣ್ಣು ಬಡಿದು ಗಟ್ಟಿಯಾದ ಮೇಲೆ ಸುಣ್ಣದ ಗಾರೆ ಎಳೆದು ಬೆಳ್ಳಗೆ ಮಾಡಿದೆವು.

ಮತ್ತೆ ಹೋಳಿ ಬಂತು, ಬಿಸಿಲು ಬಂತು. ಷಡ್ಡಕನ ಮಗಳು ಬಾಣಂತನಕ್ಕೆ ಬಂದಾಗಿತ್ತು. ಇನ್ನು ಹಿಂದಿನ ಖೋಲಿ ಸಿಗುವುದಿಲ್ಲವೆಂದು ಹೆಂಡತಿಗೂ ತಿಳಿದಿತ್ತು. ಅವಳು ಬೇರೆ ಕಡೆ ಬಾಡಿಗೆ ಖೋಲಿ ವಿಚಾರಿಸುತ್ತಿದ್ದಾಳೆಂದು ಅಜ್ಜಿಯ ಬಾಯಿಂದ ಕೇಳಿದ್ದೆ. ಒಂದು ದಿನ ಬೆಳಿಗ್ಗೆ, "ಇವತ್ತೊಂದು ದಿನ ನಿಮಗ," ಎಂದು ನಮ್ಮ ಒಲೆಯ ಮುಂದೆ ಕೂತಳು.

ನಾಲ್ಕು ರೊಟ್ಟಿ ಬಡಿದಳು. ಎದ್ದು ಹೋಗಲಿಲ್ಲ. ಮತ್ತೆ ಹಿಟ್ಟು ತೆಗೆದು ನಾದಿದಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ, ಕಿಂಡಿಯಿಂದ ಹೊಗೆ ಹೋಗುವ ಚೆಂದ ನೋಡುತ್ತ ನಿಂತಿದ್ದೆ. ಬಿಸಿಲು ಏರಿತು. ಖಾನಾವಳಿಯವನಿಗೆ ಕೊಡುವಷ್ಟೂ ಬಡಿದು ಮುಗಿಸಿ, ಒಂದು ರೊಟ್ಟಿ ನನ್ನ ಕಡೆ ಚಾಚಿದಳು.

"ನೋಡ್ರಿ."

"ಹೌದ, ಹೊಗಿ ಹೆಂಗ ಸೀದಾ ಹೊಂಟೈತಿ ನೋಡು. ತಗಡಿನ ಟೊಪಗಿ ಇಟ್ಟೇನಲ್ಲ, ಅದರ ಯುಕ್ತಿ..."

"ಚತ್ತ ನೋಡೂದು ಬಿಡ್ರಿ. ಅಂಚ ನೋಡ್ರಿ."

ನೋಡಿದೆ. ಸುತ್ತಲೂ ಬೆರಳಾಡಿಸಿದೆ. ಎಲ್ಲಿಯೂ ಸೀಳಿರಲಿಲ್ಲ.

"ನಾಳಿ ಬಸ್ಸಿಗೆ ಹೋಗಂಗಿಲ್ಲ," ಎಂದಳು. ಬೆವರು ಒರೆಸಿಕೊಂಡು ರಸ್ತೆಯ ಕಡೆಯ ಕಿಟಕಿಗೆ ಕೈ ತೋರಿಸಿದಳು. "ಆದ್ರ ಅಲ್ಲಿಂದ ಮಧ್ಯಾಹ್ನದ ಬಿಸಲು ಸೀದಾ ಮಾರಿಗೆ ಹೊಡೀತೈತಿ. ಹಾದ್ಯಾಗ ಹೋಗವ್ರೆಲ್ಲ ನೋಡತಾರ, ನಾ ಏನ ಸರ್ಕಸ್ಸೇನು? ಅದಕ್ಕೇನರ ಅಡ್ಡ ಮರಿ ಮಾಡ್ರಿ."

ಅವಳ ಮಾತು ಮುಗಿಯುವುದರೊಳಗೆ ನಾನು ಹೊರಗೆ ಓಡಿದ್ದೆ. ಮೂಲೆಯಲ್ಲಿ ಉಳಿದಿದ್ದ ಸಿಮೆಂಟಿನ ಚೀಲ ಹೆಗಲಿಗೆ ಹಾಕಿಕೊಂಡು, ಬ್ಲಾಕು ಎಷ್ಟು ಬೇಕಾಗಬಹುದು ಎಂದು ಎಣಿಸುತ್ತ ಬರುವಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅದೇನ್ರಿ ಅದು?"

"ಸಿಮೆಂಟು. ಮುಚ್ಚು ಅಂದೆಲ್ಲ."

"ಶಿವನ! ಮರಿ ಮಾಡ್ರಿ ಅಂದೆ, ಗೋರಿ ಕಟ್ಟು ಅನ್ಲಿಲ್ಲ. ಅಲ್ಲೊಂದು ಹೀರಿ ಬಳ್ಳಿ ಹಬ್ಬಸ್ರಿ. ಪಾತ್ರಿ ತೊಳದ ನೀರಿಗೆ ಬೆಳೀತೈತಿ, ನೆಳ್ಳಿಗೆ ನೆಳ್ಳು, ಪಲ್ಯಾಕ್ಕ ಪಲ್ಯಾ."

ಚೀಲವನ್ನು ಇದ್ದಲ್ಲಿ ಇಟ್ಟು ಬಂದೆ. ಹೀರೆ ಬೀಜ ಯಾರ ಹತ್ತಿರ ಸಿಗುತ್ತದೆ ಎಂದು ಪಕ್ಕದ ಅಜ್ಜಿಯನ್ನು ಕೇಳಲು ಹೋದೆ. ಸೀರೆಯ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. ಆದರೂ ಕೊಟ್ಟಳು.